ತೋಳಿನ ನೀಲಿ ಪಟ್ಟಿ

ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳನ್ನು ನೋಡಿ ವಿಜ್ಞಾನ ಶಿಕ್ಷಕಿ ಗಂಗಾಶ್ರೀಗೆ ಮೊದಲು ನಗು ಬಂತು. ನೇರಲಸರದ ಪ್ರೌಢಶಾಲೆಯ ಅಂಗಳದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ತೋಳಿಗೆ ಒಂದೇ ಬಣ್ಣದ, ಒಂದೇ ಅಗಲದ ನೀಲಿ ರಬ್ಬರ್ ಪಟ್ಟಿ. ಶುಕ್ರವಾರ ಮಧ್ಯಾಹ್ನ ಅವಳು ಸಭೆಗೆಂದು ಸೊರಬಕ್ಕೆ ಹೋದಾಗ ಇಲ್ಲದ್ದು, ಸೋಮವಾರ ಬೆಳಿಗ್ಗೆ ಬರುವಷ್ಟರಲ್ಲಿ ಎಲ್ಲಿಂದ ಬಂತೋ!

“ಏನ್ರೇ ಇದು? ಎಲ್ಲಾ ಸೇರಿ ಒಂದೇ ಹರಕೆ ಹೊತ್ತೀರೇನು?” ಎಂದು ಎದುರಿಗಿದ್ದ ಶೃತಿಯನ್ನು ಕೇಳಿದಳು. ಶೃತಿ ಒಂಬತ್ತನೇ ತರಗತಿಯ ಹುಡುಗಿ. ವಿಜ್ಞಾನವೆಂದರೆ ಜೀವ ಬಿಡುವವಳು.

“ನ್ಯಾನೋ ಪಟ್ಟಿ ಮಿಸ್! ಇದನ್ನ ಕಟ್ಟಿಕೊಂಡ್ರೆ ಉಣುಗು ಹತ್ರ ಸುಳಿಯಲ್ಲ. ಮೈ ಸುತ್ತ ಕಣ್ಣಿಗೆ ಕಾಣದ ಬೇಲಿ ಹಾಕಿದಂಗೆ ಅಂತೆ. ಕೊಟ್ರೇಶ್ ಸರ್ ಹೇಳಿದ್ರು. ನಮ್ಮಮ್ಮಂಗೂ ಒಂದು ಕಟ್ಟೀನಿ.”

ಗಂಗಾಶ್ರೀಯ ನಗು ಅಲ್ಲೇ ನಿಂತಿತು. ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇರುತ್ತದೆಯೇ? ಬೇಸಿಗೆ ಕಾಲಿಟ್ಟಿದೆ. ಮಂಗನ ಕಾಯಿಲೆಗೆ ಇಂಗ್ಲಿಷಿನಲ್ಲಿ ಹೆಸರು ಕೊಟ್ಟ ಕ್ಯಾಸನೂರು ಈ ಊರಿಗೆ ದೂರವೇನಲ್ಲ. ಕಾಡಿನಲ್ಲಿ ಒಂದು ಮಂಗ ಸತ್ತುಬಿದ್ದಿದೆ ಎಂದರೆ ಇಲ್ಲಿ ಮನೆಮನೆಯಲ್ಲಿ ಒಲೆ ಮುಂದಿನ ಮಾತು ಅದೇ. ಹಾಗೆಂದು ಕಾಡಿಗೆ ಹೋಗದೆ ಇರಲಾಗುವುದಿಲ್ಲ. ಮಳೆ ಬರುವುದರೊಳಗೆ ಉದುರಿದ ಎಲೆಯನ್ನು ಗುಡಿಸಿ, ಜಲ್ಲೆಬುಟ್ಟಿಗೆ ತುಂಬಿ, ಕೊಟ್ಟಿಗೆಗೆ ತಂದು ಹಾಕಬೇಕು. ಆ ದರಗಿಲ್ಲದೆ ದನಕ್ಕೆ ಹಾಸಿಗೆಯಿಲ್ಲ, ಗದ್ದೆಗೆ ಗೊಬ್ಬರವಿಲ್ಲ. ರಕ್ತ ಹೀರಿ ಕಾಯಿಲೆ ಹರಡುವ ಉಣುಗು ಕಾದು ಕೂರುವುದೂ ಅದೇ ದರಗಿನಲ್ಲಿ. ಅದಕ್ಕೇ ಆರೋಗ್ಯ ಕೇಂದ್ರದವರು ಮೈಗೆ ಹಚ್ಚಿಕೊಳ್ಳಲು ಎಣ್ಣೆ ಕೊಡುತ್ತಾರೆ. ಪುಕ್ಕಟೆಯಾಗಿ, ಮನೆಬಾಗಿಲಿಗೇ ತಂದು ಕೊಡುತ್ತಾರೆ.

“ಎಣ್ಣೆ ಏನಾಯ್ತು?” ಎಂದಳು ಗಂಗಾಶ್ರೀ.

“ಎಣ್ಣೆ ಬ್ಯಾಡ ಅಂದ್ರು ಮಿಸ್. ಎಣ್ಣೆ ಮುಟ್ಟಿದ್ರೆ ನ್ಯಾನೋ ಶಕ್ತಿ ಹೋಯ್ತದಂತೆ.”

ಪಟ್ಟಿ ಮಾರಿದ್ದು ಸಾಲದು, ಎಣ್ಣೆಯನ್ನೂ ಬಿಡಿಸಿ ಹೋಗಿದ್ದಾನೆ! ಗಂಗಾಶ್ರೀ ಹಲ್ಲು ಕಚ್ಚಿಕೊಂಡಳು. ಮಕ್ಕಳ ಮುಂದೆ ಬಾಯಿಗೆ ಬಂದಿದ್ದನ್ನು ಆಡುವ ಹಾಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ಶಾಲೆಯಲ್ಲೇ ಇದ್ದಳು. ‘ಶಾಲಾ ಮಕ್ಕಳಿಗೆ ನ್ಯಾನೋ ತಂತ್ರಜ್ಞಾನ’ ಎಂಬ ಬ್ಯಾನರ್ ಕಟ್ಟಿ, ಕೋಟು ತೊಟ್ಟ ಕೊಟ್ರೇಶ್ ಎಂಬಾತ ಯಾವುದೋ ಸಂಸ್ಥೆಯ ಹೆಸರಿನಲ್ಲಿ ಬಂದಿದ್ದ. ಮಾತು ಬಲ್ಲವನು. ಒಂದು ಬಿಳಿ ಬಟ್ಟೆಯ ಮೇಲೆ ಕಾಫಿ ಸುರಿದ. ಕಾಫಿ ಮಣಿಮಣಿಯಾಗಿ ಉರುಳಿ ಕೆಳಗೆ ಬಿತ್ತು, ಬಟ್ಟೆಯ ಮೇಲೆ ಕಲೆಯೇ ಇಲ್ಲ. ಮಕ್ಕಳು ಹೋ ಎಂದರು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಲೇಪ ಅದು ಎಂದು ವಿವರಿಸಿದ. ಅದು ನಿಜವೇ ಆಗಿತ್ತು. ಚಪ್ಪಾಳೆ ತಟ್ಟಿದವರಲ್ಲಿ ಗಂಗಾಶ್ರೀ ಮೊದಲಿಗಳು. ಇಂಥದ್ದು ನಮ್ಮ ಮಕ್ಕಳಿಗೂ ಕಾಣಲಿ ಎಂದು ಹಟ ಹಿಡಿದು ಕಾರ್ಯಕ್ರಮ ತರಿಸಿದವಳೇ ಅವಳು. ಮಧ್ಯಾಹ್ನ ಅವಳು ಬಸ್ಸು ಹತ್ತಿದ ಮೇಲೆ ತಂದೆ-ತಾಯಂದಿರನ್ನು ಕೂರಿಸಿಕೊಂಡು ಅದೇ ಬಟ್ಟೆ ತೋರಿಸಿ, ಅದೇ ಕಾಫಿ ಸುರಿದು, ಕೊನೆಗೆ ಚೀಲದಿಂದ ಪಟ್ಟಿ ತೆಗೆದಿದ್ದಾನೆ. ಬರೀ ಸುಳ್ಳು ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ಕಳ್ಳ, ನಿಜದ ಹೆಗಲ ಮೇಲೆ ಸುಳ್ಳನ್ನು ಕೂರಿಸಿ ಊರೊಳಗೆ ಬಿಟ್ಟಿದ್ದ.

ಪ್ರಾರ್ಥನೆ ಮುಗಿದದ್ದೇ ತಡ, ಅವಳು ಮುಖ್ಯೋಪಾಧ್ಯಾಯ ಶಿವಯೋಗಿಯವರ ಕೋಣೆಗೆ ನುಗ್ಗಿದಳು.

“ಸರ್, ನಮ್ಮ ಶಾಲೆ ಒಳಗೇ ಈ ವ್ಯಾಪಾರ ನಡೀತಲ್ರೀ! ನೀವು ಸುಮ್ನೆ ನೋಡ್ತಾ ಕೂತ್ರಾ?”

ಶಿವಯೋಗಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯರಲ್ಲ. ನಿವೃತ್ತಿ ಹತ್ತಿರ ಬಂದಿದೆ, ಯಾರ ವಿರೋಧವನ್ನೂ ಕಟ್ಟಿಕೊಳ್ಳುವುದು ಬೇಡ ಎಂದುಕೊಂಡವರು.

“ಕೂತ್ಕೊಳ್ರೀ ಮೊದ್ಲು. ಆ ಸಂಸ್ಥೆಯವರು ಶಾಲೆಗೆ ದೊಡ್ಡ ಟಿವಿ ಕೊಡ್ತೀವಿ ಅಂದಿದಾರೆ. ಪಟ್ಟಿ ಹಂಚಿದ್ದು ಅವರಲ್ಲ, ನಮ್ಮ ಎಸ್‌ಡಿಎಂಸಿ ಅಧ್ಯಕ್ಷರು. ಮಲ್ಲಿಕಾರ್ಜುನ್ ಸ್ವಂತ ದುಡ್ಡು ಹಾಕಿ ಬಡವರ ಮನೆಗೆಲ್ಲ ಕೊಡಿಸ್ಯಾರೆ. ಅವರನ್ನ ಎದುರು ಹಾಕ್ಕೊಂಡು ಈ ಶಾಲೆಗೆ ಕಾಂಪೌಂಡ್ ಕಟ್ಟೋಕಾಗ್ತದಾ?”

“ಕಾಂಪೌಂಡ್ ಕಟ್ಟಿ ಯಾರನ್ನ ಕಾಯ್ತೀರಿ ಸರ್? ಮಕ್ಕಳೇ ಜ್ವರ ಬಂದು ಮಲಗಿದ್ರೆ?”

“ಗಂಗಾಶ್ರೀ, ನೀವು ಶಿರಾಳಕೊಪ್ಪದಿಂದ ಬಂದು ಹೋಗೋರು. ನಾನು ಇಲ್ಲೇ ಇರೋನು,” ಎಂದು ಅವರು ಕನ್ನಡಕ ಹಾಕಿಕೊಂಡರು. ಮಾತು ಮುಗಿಯಿತು ಎಂದು ಅರ್ಥ.

ಸಂಜೆ ಅವಳು ನೇರವಾಗಿ ಮಲ್ಲಿಕಾರ್ಜುನನ ಮನೆಗೇ ಹೋದಳು. ಆತ ಗದ್ದೆಯಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದ. ನಲವತ್ತೈದರ ಆಳು, ದನಿ ದೊಡ್ಡದು. ಅವನ ತೋಳಿನಲ್ಲೂ ಪಟ್ಟಿ.

“ಮೇಡಂ, ನಾನು ಒಂದ್ ಪೈಸೆ ಲಾಭ ಮಾಡಿಲ್ಲ. ಬೇಕಾದ್ರೆ ಯಾರ ಹತ್ರಾದ್ರೂ ಕೇಳಿ.”

“ಲಾಭದ ಮಾತಲ್ರೀ ನಾನು ಆಡ್ತಿರೋದು. ಅದು ಬರೀ ರಬ್ಬರ್. ಉಣುಗನ್ನ ತಡಿಯಲ್ಲ.”

“ನಿಮಗೆ ಹೆಂಗೆ ಗೊತ್ತು? ನ್ಯಾನೋ ಕಣ್ಣಿಗೆ ಕಾಣಲ್ಲ ಅಂತ ನೀವೇ ಪಾಠ ಮಾಡಿದ್ರಂತೆ. ಕಾಣದ್ದು ಇಲ್ಲ ಅಂತ ಈಗ ನೀವೇ ಹೇಳ್ತೀರಿ!” ಟವೆಲ್ಲಿನಿಂದ ಮುಖ ಒರೆಸಿಕೊಂಡು ಅವನು ಜಗಲಿಯ ಮೇಲೆ ಕೂತ. “ನೋಡಿ, ಈ ಕಾಯಿಲೆ ಬರದಂಗೆ ಇಂಜೆಕ್ಷನ್ ಕೊಡ್ತಿದ್ರು, ಅದೂ ನಿಂತುಹೋಯ್ತು. ಎಣ್ಣೆ ಕೊಡ್ತಾರೆ, ಆದ್ರೆ ಜನ ಹಚ್ಚಲ್ಲ. ಬಿಸಿಲಲ್ಲಿ ಬೆವರಿಗೆ ಸೇರಿ ಜಿಗುಟು ಜಿಗುಟು. ದರಗಿನ ಧೂಳೆಲ್ಲ ಮೈಗೆ ಅಂಟ್ತದೆ. ಪಟ್ಟಿ ಆದ್ರೆ ಒಂದ್ಸಲ ಕಟ್ಟಿದ್ರೆ ಆಯ್ತು. ಜನ ಮಾಡೋ ಅಂಥದ್ದನ್ನ ಕೊಟ್ಟೀನಿ ನಾನು. ಅದು ತಪ್ಪಾ?”

ಅವನು ಹೇಳಿದ ಎಣ್ಣೆಯ ಮಾತು ಸುಳ್ಳಲ್ಲ. ಅದೇ ಅವಳ ಸಿಟ್ಟನ್ನು ಇನ್ನಷ್ಟು ಕೆದಕಿತು. ಮೋಸಗಾರನ ಎದುರು ಜಗಳ ಮಾಡಬಹುದು. ಒಳ್ಳೆಯದು ಮಾಡುತ್ತೇನೆಂದು ನಂಬಿ ಕೂತವನ ಎದುರು ಏನೆಂದು ಜಗಳ ಮಾಡುವುದು? ಕೊಟ್ರೇಶನ ಫೋನಿಗೆ ದಾರಿಯಲ್ಲಿ ಮೂರ್ನಾಲ್ಕು ಸಲ ಮಾಡಿದಳು. ಸ್ವಿಚ್ ಆಫ್.

ಗುರುವಾರ ಶೃತಿ ತರಗತಿಗೆ ತಡವಾಗಿ ಬಂದಳು. ಕಣ್ಣು ಊದಿತ್ತು. ಗಂಗಾಶ್ರೀ ಅವಳನ್ನು ಹೊರಗೆ ಕರೆದು ಕೇಳಿದಳು.

“ಮಿಸ್, ಅಮ್ಮಂಗೆ ಜ್ವರ. ನಿನ್ನೆ ಸ್ನಾನಕ್ಕೆ ಹೋದಾಗ ಪಟ್ಟಿ ತೆಗೆದ್ರೆ...” ಹುಡುಗಿ ಬಿಕ್ಕಿದಳು. “ಪಟ್ಟಿ ಕೆಳಗೇ ಉಣುಗು ಕಚ್ಚಿಕೊಂಡಿತ್ತು ಮಿಸ್. ದರಗಿಗೆ ಹೊರಟಾಗ ಎಣ್ಣೆ ಬಾಟ್ಲಿ ಹಿಡ್ಕೊಂಡಿದ್ಲು ಅಮ್ಮ, ನಾನೇ ಕಿತ್ಕೊಂಡು ಅಟ್ಟದ ಮೇಲೆ ಇಟ್ಟೆ. ನಮ್ಮಮ್ಮ ಸತ್ತು ಹೋಗ್ತಾಳಾ ಮಿಸ್?”

ಹದಿನಾಲ್ಕು ವರ್ಷದ ಮಗು ಕೇಳುವ ಪ್ರಶ್ನೆಯೇ ಇದು? ಗಂಗಾಶ್ರೀಗೆ ಆ ಗಳಿಗೆಯಲ್ಲಿ ಕೊಟ್ರೇಶ್ ಎದುರಿಗೆ ಸಿಕ್ಕಿದ್ದರೆ ಚಪ್ಪಲಿ ತೆಗೆದೇ ಬಿಡುತ್ತಿದ್ದಳು. ಅವಳು ಸ್ಕೂಟರ್ ತೆಗೆದು ಶೃತಿಯನ್ನು ಹಿಂದೆ ಕೂರಿಸಿಕೊಂಡು ಹೊರಟಳು.

ಶೃತಿಯ ಅಮ್ಮ ಲೋಕಮ್ಮ ಕಂಬಳಿ ಹೊದ್ದು ನಡುಮನೆಯಲ್ಲಿ ಮಲಗಿದ್ದಳು. ತಲೆ ಸಿಡಿಯುತ್ತಿದೆ ಎಂದಳು. ತೋಳಿನಲ್ಲಿ ಉಣುಗು ಕಚ್ಚಿದ ಕೆಂಪು ಗುರುತು. ಅದರ ಮೇಲೇ ಮತ್ತೆ ಆ ಪಟ್ಟಿ!

“ಇನ್ನೂ ಯಾಕ್ರೀ ಲೋಕಮ್ಮ ಇದನ್ನ ಕಟ್ಟಿಕೊಂಡಿದೀರಿ?”

“ಪಟ್ಟಿದೇನೂ ತಪ್ಪಿಲ್ಲ ಮೇಡಂ. ಮೊನ್ನೆ ಪಾತ್ರೆ ತೊಳಿವಾಗ ಒಂದು ಗಳಿಗೆ ತೆಗೆದಿಟ್ಟಿದ್ದೆ. ಆವಾಗ ಹತ್ತಿರಬೇಕು ಅದು. ನಂದೇ ತಪ್ಪು.”

ಯಾವ ಮೋಸದ ಸಾಮಾನಿಗೂ ಇಂಥ ಕಾವಲು ಸಿಕ್ಕಿರಲಾರದು. ಸಾಮಾನು ಕೈಕೊಟ್ಟರೆ ಕೊಂಡವರೇ ತಪ್ಪು ತಮ್ಮದೆಂದು ಒಪ್ಪಿಕೊಳ್ಳುತ್ತಾರೆ. ಗಂಗಾಶ್ರೀ ಜಗಳಕ್ಕೆ ಹೋಗದೆ ಆಂಬುಲೆನ್ಸಿಗೆ ಫೋನ್ ಮಾಡಿದಳು. ಆಸ್ಪತ್ರೆಯವರು ಲೋಕಮ್ಮನನ್ನು ಇರಿಸಿಕೊಂಡು ರಕ್ತ ತೆಗೆದು ಶಿವಮೊಗ್ಗಕ್ಕೆ ಕಳಿಸಿದರು. ಫಲಿತಾಂಶ ಬರುವವರೆಗೆ ಶೃತಿ ಸರಿಯಾಗಿ ಉಣ್ಣಲಿಲ್ಲ. ಅಮ್ಮನ ಮಂಚದ ಕಾಲಿಗೆ ಒರಗಿ ಕೂತವಳು ಯಾರು ಕರೆದರೂ ಏಳಲಿಲ್ಲ.

ಸೋಮವಾರ, ಮಂಗನ ಕಾಯಿಲೆ ಅಲ್ಲ ಎಂದು ವರದಿ ಬಂತು. ಸಾದಾ ಜ್ವರ. ಗಂಗಾಶ್ರೀ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಉಸಿರು ಬಿಟ್ಟಳು. ಶೃತಿ ಅಳುತ್ತಾ ನಗುತ್ತಾ ಅವಳ ಕೈ ಹಿಡಿದಳು. ಇಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಮರುದಿನ ಊರೊಳಗೆ ಹಬ್ಬಿದ ಮಾತೇ ಬೇರೆ. “ಉಣುಗು ಕಚ್ಚಿದ್ರೂ ಕಾಯಿಲೆ ಬರಲಿಲ್ಲ ನೋಡು, ಪಟ್ಟಿ ಕಾಪಾಡ್ತು!” ಅಂಗಡಿ ಕಟ್ಟೆಯಲ್ಲಿ ಅದೇ, ಹಾಲಿನ ಡೇರಿಯಲ್ಲೂ ಅದೇ. ಕಟ್ಟಿಕೊಳ್ಳದೆ ಉಳಿದಿದ್ದವರೂ ಮಲ್ಲಿಕಾರ್ಜುನನ ಮನೆ ಮುಂದೆ ಹೋಗಿ ನಿಂತರು. ಶಿವಯೋಗಿಯವರು ಸಹ, “ನೋಡ್ರೀ, ಸುಮ್ನೆ ತಲೆ ಬಿಸಿ ಮಾಡ್ಕೊಂಡ್ರಿ,” ಎಂದರು. ಗಂಗಾಶ್ರೀಗೆ ಪಿತ್ತ ನೆತ್ತಿಗೇರಿತು. ಸ್ಟಾಫ್ ರೂಮಿಗೆ ಹೋಗಿ ಎರಡು ಲೋಟ ನೀರು ಕುಡಿದಳು. ಇನ್ನು ಕೂಗಾಡಿ ಪ್ರಯೋಜನವಿಲ್ಲ. ಕೂಗಿದಷ್ಟೂ ಜನ ಪಟ್ಟಿಯನ್ನು ಬಿಗಿ ಮಾಡಿಕೊಳ್ಳುತ್ತಾರೆ.

ಅವಳು ಒಂಬತ್ತನೇ ತರಗತಿಗೆ ಬಂದಾಗ ಕೈಯಲ್ಲಿ ಶಾಲೆಯ ಬಾವಿ ಹತ್ತಿರ ಕಿತ್ತ ಒಂದು ಕೆಸುವಿನ ಎಲೆ ಇತ್ತು. ಅದರ ಮೇಲೆ ನೀರು ಚಿಮುಕಿಸಿದಳು. ನೀರು ಪಾದರಸದ ಹಾಗೆ ಉರುಳಾಡಿತು.

“ಕೊಟ್ರೇಶ್ ಬಟ್ಟೆ ಮೇಲೆ ನೋಡಿದ್ರಲ್ಲ, ಇದೂ ಅದೇ. ಈ ಎಲೆ ಮೇಲೆ ಮೇಣದಂಥ ಸಣ್ಣ ಸಣ್ಣ ಉಬ್ಬು ಇವೆ. ಒಂದು ತಲೆಗೂದಲಿನ ದಪ್ಪಾನ ಲಕ್ಷ ಪಾಲು ಮಾಡಿ. ಅದರಲ್ಲಿ ಒಂದು ಪಾಲು ಹೆಚ್ಚುಕಮ್ಮಿ ಒಂದು ನ್ಯಾನೋಮೀಟರ್. ಅಂಥ ಅಳತೆಯಲ್ಲಿ ಅಳೆಯೋ ಉಬ್ಬುಗಳಿವು. ನೀರಿನ ಹನಿ ಅವುಗಳ ತುದಿ ಮೇಲೆ ಕೂರ್ತದೆ, ಎಲೆಗೆ ಅಂಟಲ್ಲ. ಉಬ್ಬು ನಿಮಗೆ ಕಾಣ್ತದಾ?”

“ಇಲ್ಲ ಮಿಸ್.”

“ಮತ್ತೆ ಇದೆ ಅಂತ ಯಾಕೆ ನಂಬ್ಬೇಕು?”

ಕೆಲವರು ಎಲೆಯ ಮೇಲೆ ಬಗ್ಗಿ ನೋಡಿದರು. ಕೊನೆಗೆ ಕರುಣಾ ಎಂಬ ಹುಡುಗಿ ಎದ್ದು, “ನೀರು ಉರುಳೋದು ಕಾಣ್ತದಲ್ಲ ಮಿಸ್,” ಎಂದಳು.

“ಹಾಂ! ಕಾಣದ್ದು ಇರಬಹುದು. ಆದ್ರೆ ಅದು ಮಾಡೋ ಕೆಲಸ ಕಾಣ್ಬೇಕು. ಈಗ ನಿಮ್ಮ ತೋಳಲ್ಲಿರೋದನ್ನ ನೋಡಿ. ಅದರ ಕೆಲಸ ಯಾರಾದ್ರೂ ನೋಡಿದೀರಾ?”

ಮಕ್ಕಳ ಕಣ್ಣು ತಂತಮ್ಮ ತೋಳಿಗೆ ಹೋಯಿತು. ಹಿಂದಿನ ಬೆಂಚಿನಲ್ಲಿದ್ದ ಶೃತಿ ನಿಧಾನವಾಗಿ ಎದ್ದು ನಿಂತಳು. “ಉಣುಗು ತಂದು ನೋಡಾಣ ಮಿಸ್. ಪಟ್ಟಿ ಒಳಗೆ ಬಿಟ್ಟು, ದಾಟ್ತದಾ ಇಲ್ವಾ ಅಂತ.”

“ಬರೀ ಪಟ್ಟಿ ಸಾಲ್ದು,” ಎಂದಳು ಕರುಣಾ. “ದಾಟದಿದ್ರೆ ಅದು ನ್ಯಾನೋಕ್ಕೋ, ರಬ್ಬರ್ ಹತ್ತಕ್ಕಾಗ್ದೇನೋ ಹೆಂಗೆ ಗೊತ್ತಾಯ್ತದೆ? ಸೈಕಲ್ ಟ್ಯೂಬ್ ಕತ್ತರಿಸಿದ್ದೂ ಒಂದು ಇಡಾಣ.”

ಎಷ್ಟೋ ದಿನಗಳ ಮೇಲೆ ಗಂಗಾಶ್ರೀಯ ಮುಖ ಸಡಿಲವಾಯಿತು.

ಆ ವಾರದ ಶನಿವಾರ ಪೋಷಕರ ಸಭೆಯಿತ್ತು. ಮಕ್ಕಳಿಂದ ಒಂದು ನ್ಯಾನೋ ಪಾಠ ಇಟ್ಟುಕೊಳ್ಳುತ್ತೇನೆ ಎಂದಾಗ ಶಿವಯೋಗಿಯವರು ಅನುಮಾನದಿಂದ ನೋಡಿದರು. “ಪಾಠ ಅಷ್ಟೇ. ಭಾಷಣ ಬೇಡ.”

“ಒಂದೇ ಒಂದು ಮಾತೂ ಆಡಲ್ಲ ಸರ್,” ಎಂದಳು ಗಂಗಾಶ್ರೀ. ಹಾಗೆಯೇ ನಡೆದುಕೊಂಡಳು ಕೂಡ.

ಪಶು ಆಸ್ಪತ್ರೆಯ ಕಾಂಪೌಂಡರನ್ನು ಬೇಡಿಕೊಂಡು, ಎಮ್ಮೆಯ ಮೈಯಿಂದ ಚಿಮುಟದಲ್ಲಿ ತೆಗೆಸಿದ ಉಣುಗುಗಳನ್ನು ಮುಚ್ಚಳದ ಬಾಟಲಿಯಲ್ಲಿ ತಂದಿದ್ದಳು. ಇನ್ನೂ ರಕ್ತ ಕುಡಿದು ಉಬ್ಬಿರದ, ಚುರುಕಾದ ಉಣುಗುಗಳು. ಮೇಜಿನ ಮೇಲೆ ಅಗಲವಾದ ಬೋಗುಣಿಗೆ ನೀರು ತುಂಬಿ, ನಡುವೆ ಬಿಳಿ ತಟ್ಟೆ ಕವುಚಿ, ಅದರ ಮೇಲೆ ಬಳೆಯಾಕಾರದ ಮೂರು ಬೇಲಿ ಮಾಡಿಟ್ಟಿದ್ದರು. ತಪ್ಪಿಸಿಕೊಂಡರೆ ನೀರಿಗೇ ಬೀಳಬೇಕು. ಮಕ್ಕಳನ್ನು ದೂರ ನಿಲ್ಲಿಸಿ, ಕೈಗವಸು ಹಾಕಿಕೊಂಡು, ಉಣುಗು ಬಿಡುವ ಕೆಲಸವನ್ನು ತಾನೇ ಮಾಡಿದಳು. ಮಾತು ಮಾತ್ರ ಶೃತಿಯದು.

“ಇದು ನಮ್ಮಮ್ಮನ ಪಟ್ಟಿ,” ಎಂದಳು ಶೃತಿ. “ಪಕ್ಕದಲ್ಲಿರೋದು ಸೈಕಲ್ ಟ್ಯೂಬು. ಆ ಕಡೆ ಆಸ್ಪತ್ರೆ ಎಣ್ಣೆಯಿಂದ ಬೆರಳಲ್ಲಿ ಬರೆದ ಬಳೆ. ಮೂರರ ಒಳಗೂ ಒಂದೊಂದು ಉಣುಗು ಬಿಡ್ತಾರೆ. ನೋಡಿ.”

ಟ್ಯೂಬಿನ ಒಳಗಿದ್ದ ಉಣುಗು ಸ್ವಲ್ಪ ಹೊತ್ತು ಮೂಸಿ, ಹತ್ತಿ, ಇಳಿದು ಹೋಯಿತು. ನೀಲಿ ಪಟ್ಟಿಯೊಳಗಿದ್ದದ್ದು ಅಷ್ಟು ಹೊತ್ತೂ ತಡೆಯಲಿಲ್ಲ. ಸೀದಾ ಹತ್ತಿ, ಪಟ್ಟಿಯ ಮೇಲೆ ಮುಂಗಾಲು ಎತ್ತಿಕೊಂಡು ಆರಾಮಾಗಿ ಕೂತಿತು. ಎಣ್ಣೆಯ ಬಳೆಯೊಳಗಿದ್ದದ್ದು ಮಾತ್ರ ಅಂಚಿನವರೆಗೆ ಬರುವುದು, ತಿರುಗಿ ಓಡುವುದು, ಮತ್ತೆ ಬರುವುದು, ಮತ್ತೆ ತಿರುಗುವುದು.

ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಮಲ್ಲಿಕಾರ್ಜುನ ಕುರ್ಚಿಯಿಂದ ಎದ್ದೇಬಿಟ್ಟ.

“ಏಯ್, ಇದೆಂತ ನಾಟಕ! ಅದು ಜ್ವರದವರು ಕಟ್ಟಿದ ಪಟ್ಟಿ. ಶಕ್ತಿ ಹೋಗಿರಬೇಕು. ನಂದಿಡಿ!” ಎಂದು ತನ್ನ ತೋಳಿನ ಪಟ್ಟಿಯನ್ನು ಕಿತ್ತು ಮೇಜಿನ ಮೇಲೆ ಎಸೆದ.

ಗಂಗಾಶ್ರೀ ಅದನ್ನು ಚಿಮುಟದಲ್ಲಿ ಎತ್ತಿ ತಟ್ಟೆಯ ಮೇಲಿಟ್ಟಳು. ಹೊಸ ಉಣುಗು ಬಿಟ್ಟಳು. ಮಲ್ಲಿಕಾರ್ಜುನ ಮೇಜಿಗೆ ಎರಡೂ ಕೈ ಊರಿ ಬಗ್ಗಿ ನೋಡಿದ. ಉಣುಗು ಪಟ್ಟಿಯ ಹತ್ತಿರ ಬಂತು. “ತಿರುಗು,” ಎಂದು ಅವನು ಹಲ್ಲುಗಳ ನಡುವೆ ಅಂದದ್ದು ಪಕ್ಕದಲ್ಲಿದ್ದವರಿಗೆ ಕೇಳಿಸಿತು. ಉಣುಗು ತಿರುಗಲಿಲ್ಲ. ಪಟ್ಟಿ ಹತ್ತಿತು, ಅದರ ಉದ್ದಕ್ಕೂ ಒಂದು ಸುತ್ತು ನಡೆಯಿತು, ಈಚೆ ಇಳಿಯಿತು.

ಬಾಯಿಗೆ ಬಂದಷ್ಟು ಹೇಳಿಬಿಡಬೇಕೆಂದು ಗಂಗಾಶ್ರೀ ಎಷ್ಟು ದಿನದಿಂದ ಕಾದಿದ್ದಳು! ಈಗ ಮಲ್ಲಿಕಾರ್ಜುನನ ಮುಖ ನೋಡಿ, ಅವಳು ಉಣುಗುಗಳನ್ನು ಒಂದೊಂದಾಗಿ ಬಾಟಲಿಗೆ ಹಾಕತೊಡಗಿದಳು. ಯಾರನ್ನೂ ನೋಡದೆ ಅವನು ಬಾಗಿಲು ದಾಟಿ ಹೋದ. ಶಿವಯೋಗಿಯವರು ಎದ್ದು, ತಮ್ಮ ಅಂಗಿ ತೋಳಿನೊಳಗಿದ್ದ ಪಟ್ಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡರು. “ಆ ಟಿವಿ ಬೇಡ ಅಂತ ಬರೀತೀನ್ರೀ. ಪೊಲೀಸಿಗೂ ಒಂದು ದೂರು ಕೊಡಾಣ,” ಎಂದು ಮೆಲ್ಲಗೆ ಹೇಳಿದರು.

ಸೋಮವಾರ ಗಂಗಾಶ್ರೀ ಬೇಗ ಹೊರಟು ಬಂದಳು. ಹೆಂಗಸರು ಮತ್ತೆ ದರಗಿಗೆ ಹೊರಡುವ ದಿನ. ಯಾರು ಎಣ್ಣೆ ಹಚ್ಚಿಕೊಂಡಿದ್ದಾರೆ, ಯಾರು ಇಲ್ಲ, ಕಣ್ಣಾರೆ ನೋಡದೆ ಅವಳಿಗೆ ಸಮಾಧಾನವಿರಲಿಲ್ಲ.

ಕಾಡಿಗೆ ಹೋಗುವ ದಾರಿಯ ಬಾಯಲ್ಲಿ, ಒಡ್ಡಿನ ಕಲ್ಲಿನ ಮೇಲೆ ಮಲ್ಲಿಕಾರ್ಜುನ ಕೂತಿದ್ದ. ಪಕ್ಕದಲ್ಲಿ ಆರೋಗ್ಯ ಕೇಂದ್ರದಿಂದ ತಂದ ಎಣ್ಣೆ ಬಾಟಲಿಗಳ ಡಬ್ಬ. ಅವನ ಕೈಕಾಲು, ಕುತ್ತಿಗೆಯೆಲ್ಲ ಎಣ್ಣೆಯಿಂದ ಮಿರಿಮಿರಿ ಹೊಳೆಯುತ್ತಿದ್ದವು. ತೋಳಿನಲ್ಲಿ ಪಟ್ಟಿ ಇದ್ದ ಜಾಗ ಮಾತ್ರ ಬಿಳಿಚಿಕೊಂಡಿತ್ತು. ಜಲ್ಲೆ ಹೊತ್ತು ಬಂದ ಒಬ್ಬೊಬ್ಬರನ್ನೂ ತಡೆದು ಅಂಗೈಗೆ ಎಣ್ಣೆ ಸುರಿಯುತ್ತಿದ್ದ. “ಹಚ್ಚಿದ ಮೇಲೇ ದಾರಿ ಬಿಡೋದು. ಬೈಕೊಳ್ಳಿ ಬೇಕಾದ್ರೆ.”

ಗಂಗಾಶ್ರೀಯನ್ನು ನೋಡಿ ಎದ್ದು ನಿಂತ.

“ನಮ್ಮಣ್ಣ ಮಹೇಶ್ವರಪ್ಪ ಹೋಗಿದ್ದು ಇದೇ ಕಾಯಿಲೆಗೆ ಮೇಡಂ. ಇದೇ ಎಣ್ಣೆ ಮನೆ ಗೂಡಲ್ಲಿ ಹಂಗೇ ಇತ್ತು, ಮುಚ್ಚಳಾನೂ ತೆಗೆದಿರಲಿಲ್ಲ. ಜಿಗುಟು ಅಂತ ಹಚ್ಚಲಿಲ್ಲ ಅವನು. ಹಚ್ಕೋ ಅಂತ ನಾನೂ ಒತ್ತಾಯ ಮಾಡಲಿಲ್ಲ. ಜಿಗುಟಿಲ್ಲದ್ದು ಏನಾದ್ರೂ ಬರಲಿ ಅಂತ ಕಾಯ್ತಿದ್ದೆ. ಆ ಕೊಟ್ರೇಶ್ ಬಂದು ಹೇಳಿದ ಕೂಡ್ಲೇ ನಂಬಿಬಿಟ್ಟೆ.” ಅವನು ಖಾಲಿ ಬಾಟಲಿಯನ್ನು ಡಬ್ಬಕ್ಕೆ ಹಾಕಿ ಇನ್ನೊಂದನ್ನು ತೆಗೆದ. ಆಮೇಲೆ ಕೇಳಿದ: “ನನ್ನ ಮೇಲೆ ಸಿಟ್ಟಿದೆಯಾ?”

“ಇದೆ ರೀ,” ಎಂದಳು ಗಂಗಾಶ್ರೀ.

“ಇರಲಿ. ನಂಗೂ ಇದೆ,” ಎಂದು ಅವನು ಬಾಟಲಿಯ ಮುಚ್ಚಳ ತಿರುಗಿಸಿದ.

ಲೋಕಮ್ಮ ಇನ್ನೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಆದರೂ ಕೊಟ್ಟಿಗೆ ಕೇಳುವುದಿಲ್ಲವಲ್ಲ, ಖಾಲಿ ಜಲ್ಲೆ ಹಿಡಿದು ಬಂದಿದ್ದಳು. ಹಿಂದೆಯೇ ಶಾಲೆಯ ಸಮವಸ್ತ್ರದಲ್ಲಿ ಶೃತಿ. ಮಲ್ಲಿಕಾರ್ಜುನ ಲೋಕಮ್ಮನ ಮುಖ ನೋಡಲಾಗದೆ ಬಾಟಲಿಯನ್ನು ಹುಡುಗಿಯ ಕೈಗೆ ಕೊಟ್ಟ. ಶೃತಿ ಅಮ್ಮನ ತೋಳಿಗೆ, ಕುತ್ತಿಗೆಗೆ ಹಚ್ಚಿದಳು. ಆಮೇಲೆ ದಾರಿಯ ಧೂಳಿನಲ್ಲೇ ಕುಕ್ಕರಗಾಲಿನಲ್ಲಿ ಕೂತು, ಸೀರೆಯ ಅಂಚು ಎತ್ತಿ, ಹಿಮ್ಮಡಿಯಿಂದ ಮೊಣಕಾಲಿನವರೆಗೆ ಒಂದು ಬೆರಳಗಲವನ್ನೂ ಬಿಡದೆ ಉಜ್ಜತೊಡಗಿದಳು.

“ಸಾಕು ಬಿಡೇ, ಮೈಯೆಲ್ಲ ಜಿಗುಟು,” ಎಂದು ಲೋಕಮ್ಮ ಗೊಣಗಿದಳು.

ಶೃತಿ ಅದನ್ನು ಕಿವಿಗೇ ಹಾಕಿಕೊಳ್ಳದೆ, ಅಮ್ಮನ ಇನ್ನೊಂದು ಕಾಲನ್ನು ಹತ್ತಿರಕ್ಕೆ ಎಳೆದುಕೊಂಡಳು.